ಮಾವ ಕಂಪ್ಯೂಟರಿಗೆ ಹಾಜರಿ ಕರೆದ ಬೇಸಿಗೆ

ಹೋದ ತಿಂಗಳು ಬೆಳಗೋಡಿನ ಹೈಸ್ಕೂಲಿಗೆ ಹೋಗಿದ್ದೆ. ನಿವೃತ್ತಳಾದ ಮೇಲೆ ಅಲ್ಲಿ ನನಗೇನೂ ಕೆಲಸವಿಲ್ಲ, ಯಾವುದೋ ಕಾಗದಕ್ಕೆ ಒಂದು ಸಹಿ ಬೇಕಿತ್ತು ಅಷ್ಟೆ. ಹೆಡ್‌ಮೇಡಂ ಬರುವವರೆಗೆ ಕೂತಿರಿ ಎಂದು ಕಂಪ್ಯೂಟರ್ ಕೋಣೆಯಲ್ಲಿ ಕುರ್ಚಿ ಕೊಟ್ಟರು. ರಜೆ ಮುಗಿದು ಅವತ್ತೇ ಶಾಲೆ ತೆರೆದಿತ್ತು. ಗುಮಾಸ್ತರು ಮೂಲೆಯಲ್ಲಿದ್ದ ಹಳೆಯ ಮಿಷನ್ನಿನ ಸ್ವಿಚ್ ಹಾಕಿದರು. ಎರಡು ನಿಮಿಷಕ್ಕೆ ಅದರ ಬೆನ್ನಿನಿಂದ ಕಾದ ಧೂಳಿನ ವಾಸನೆ ಬಂತು. ಗುಮಾಸ್ತರು ಗಾಬರಿಯಾಗಿ ಮೂಗು ಅರಳಿಸಿಕೊಂಡು ಸುತ್ತ ನೋಡಿದರು. "ಏನೂ ಸುಡ್ತಿಲ್ಲ ಕಣ್ರೀ, ಒಳಗಿನ ಧೂಳು ಬಿಸಿಯಾಗ್ತಿದೆ" ಎಂದೆ. ಒಂದು ಇಡೀ ಬೇಸಿಗೆ ನಮ್ಮ ಮನೆಯಲ್ಲಿ ಅಡುಗೆಯ ವಾಸನೆಗಿಂತ ಹೆಚ್ಚಾಗಿ ಇದ್ದದ್ದು ಆ ವಾಸನೆ. ನನಗೆ ಅದು ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು?

ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿದ್ದ ಕಾಲ. ಸಕಲೇಶಪುರದಲ್ಲಿ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ನಾನು ದಿನಾ ಬೆಳಗ್ಗೆ ಬಸ್ಸು ಹಿಡಿದು ಬೆಳಗೋಡಿಗೆ ಹೋಗಿ ವಿಜ್ಞಾನ ಹೇಳಿ ಸಂಜೆಗೆ ವಾಪಸ್ ಬರುತ್ತಿದ್ದೆ. ನಮ್ಮ ಮನೆಯವರು ರೈಲ್ವೆಯಲ್ಲಿದ್ದರು. ಘಾಟಿಯ ಹಳೆ ಹಳಿ ಕಿತ್ತು ಅಗಲದ ಹಳಿ ಹಾಕುವ ಕೆಲಸ ನಡೆಯುತ್ತಿತ್ತಲ್ಲ, ಎಡಕುಮೇರಿಯಲ್ಲಿ ಅವರ ಠಿಕಾಣಿ. ಶನಿವಾರ ಬಂದರೆ ಸೋಮವಾರ ಹೊರಟುಬಿಡುತ್ತಿದ್ದರು. ಮಗಳು ಹಾಸನದ ಹಾಸ್ಟೆಲಿನಲ್ಲಿ. ಹಾಗಾಗಿ ಹಗಲು ಹೊತ್ತು ಮನೆಯಲ್ಲಿ ಇರುತ್ತಿದ್ದವರು ಮಾವ ಒಬ್ಬರೇ.

ಮಾವ ಕೆ. ಹೊಸಕೋಟೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಬೆಳಗ್ಗೆ ಸ್ಟೋರಿನ ಮುಂದೆ ಆಳುಗಳನ್ನು ನಿಲ್ಲಿಸಿ ಹಾಜರಿ ಕರೆಯುವುದು, ಯಾರಿಗೆ ಯಾವ ಸಾಲು ಎಂದು ಕೆಲಸ ಹಂಚುವುದು, ಅದನ್ನು ಪುಸ್ತಕಕ್ಕೆ ಬರೆಯುವುದು ರೈಟರ ಕೆಲಸ. ಅದಕ್ಕೆ ಮಸ್ಟರ್ ಎನ್ನುತ್ತಾರೆ. ರೈಟರ್ ರುದ್ರಪ್ಪನವರ ಮಸ್ಟರ್ ಪುಸ್ತಕವನ್ನು ಅಕ್ಕಪಕ್ಕದ ಎಸ್ಟೇಟಿನವರು ನೋಡಲಿಕ್ಕೆಂದೇ ಬರುತ್ತಿದ್ದರಂತೆ, ಅಂಥಾ ಅಕ್ಷರ. ನಿವೃತ್ತಿಯಾಗಿ ನಮ್ಮ ಮನೆಗೆ ಬಂದ ವರ್ಷವೇ ಅವರ ಬಲಗೈ ನಡುಗಲು ಶುರುವಾಯಿತು. ಹಾಸನದ ಡಾಕ್ಟರು ಕಾಯಿಲೆಗೆ ಒಂದು ದೊಡ್ಡ ಹೆಸರು ಹೇಳಿ, ಮಾತ್ರೆ ಬರೆದುಕೊಟ್ಟು, ವಾಸಿಯಾಗುವುದಿಲ್ಲ, ನಿಧಾನ ಮಾಡಬಹುದು ಎಂದರು. ಮಾವ ಕಾಫಿಯನ್ನು ಅರ್ಧ ಲೋಟವಷ್ಟೇ ಕೇಳತೊಡಗಿದರು. ಆಮೇಲೆ ಬೀದಿಗೆ ಹೋಗುವುದು ಬಿಟ್ಟರು. ಯಾರಾದರೂ ಹಳಬರು ಮಾತಾಡಿಸಲು ಬಂದರೆ ಕೈಯನ್ನು ಟವೆಲ್ಲಿನೊಳಗೆ ಮುಚ್ಚಿಕೊಂಡು ಕೂರುತ್ತಿದ್ದರು. ಕೊನೆಗೆ ಗೋಡೆ ಕಡೆ ಮುಖ ಮಾಡಿ ಮಲಗುವುದೇ ಅವರ ದಿನಚರಿಯಾಯಿತು. ನಾನು ಸಂಜೆ ಬಂದಾಗಲೂ ಬೆಳಗ್ಗೆ ಬಿಟ್ಟುಹೋದ ಮಗ್ಗುಲಲ್ಲೇ ಇರುತ್ತಿದ್ದರು. ನನಗೆ ಪಾಪ ಅನಿಸುತ್ತಿತ್ತು, ಸಿಟ್ಟೂ ಬರುತ್ತಿತ್ತು.

ಆಗ ಸ್ಟಾಫ್‌ರೂಮಿಗೆ ಬರುತ್ತಿದ್ದ ಪತ್ರಿಕೆಯೊಂದರ ವಿಜ್ಞಾನ ಪುಟದಲ್ಲಿ ಒಂದು ಬರಹ ಓದಿದೆ. ನಮ್ಮ ಮೈಯೊಳಗಿನ ಪ್ರೋಟೀನುಗಳು ಮಡಿಕೆಯಾಗುವ ಬಗೆಯನ್ನು ಲೆಕ್ಕ ಹಾಕಲು ಎಷ್ಟು ದೊಡ್ಡ ಯಂತ್ರವಿದ್ದರೂ ಸಾಲದು, ಆದ್ದರಿಂದ ಆ ಲೆಕ್ಕವನ್ನು ತುಂಡು ತುಂಡು ಮಾಡಿ ಜಗತ್ತಿನ ಮನೆಮನೆಯ ಕಂಪ್ಯೂಟರುಗಳಿಗೆ ಹಂಚುತ್ತಾರೆ, ಇಷ್ಟವಿದ್ದವರು ಸೇರಬಹುದು ಎಂದು ಬರೆದಿತ್ತು. ಮಡಿಕೆ ತಪ್ಪಿದರೆ ಬರಬಹುದಾದ ಕಾಯಿಲೆಗಳ ಪಟ್ಟಿಯಲ್ಲಿ ಡಾಕ್ಟರು ಹೇಳಿದ್ದ ಹೆಸರೂ ಇತ್ತು. ನಾನು ವಿಜ್ಞಾನ ಹೇಳುವವಳು, ಇದರಿಂದ ಮಾವನ ಕೈ ನಿಲ್ಲುತ್ತದೆ ಎಂದು ಒಂದು ಗಳಿಗೆಯೂ ನಂಬಿರಲಿಲ್ಲ. ಆದರೂ ಸುಮ್ಮನೆ ಕೂತು ನೋಡುವುದು ನನ್ನಿಂದಾಗದು. ಆ ಪುಟ ಹರಿದು ಬ್ಯಾಗಿಗೆ ಹಾಕಿಕೊಂಡೆ. ಸಂಜೆ ಬಸ್ಸಿಳಿದವಳು ಮನೆಗೆ ಹೋಗದೆ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರದ ಸಲೀಮರ ಅಂಗಡಿಗೆ ಹೋದೆ.

ಸಲೀಮರು ರೇಡಿಯೋ, ಟೀವಿ, ಎಸ್ಟೇಟಿನ ವಾಕಿಟಾಕಿ ಎಲ್ಲ ರಿಪೇರಿ ಮಾಡುತ್ತಿದ್ದವರು. ಅವರ ತಂದೆ ಲಾರಿಯಲ್ಲಿ ಕಾಫಿ ಸಾಗಿಸುತ್ತಿದ್ದರಿಂದ ಮಾವನಿಗೆ ಹಳೆಯ ಪರಿಚಯ. ಮುಚ್ಚಿಹೋದ ಟೈಪಿಂಗ್ ಇನ್‌ಸ್ಟಿಟ್ಯೂಟ್ ಒಂದರ ಕಂಪ್ಯೂಟರ್ ಅವರ ಅಂಗಡಿಯಲ್ಲಿ ಧೂಳು ತಿನ್ನುತ್ತಿತ್ತು.

"ಹಳೇದು ಟೀಚರ್ರೇ, ಆದ್ರೆ ಇದ್ರ ಸ್ವಿಚ್ ನೋಡಿ. ಫ್ಯಾನ್ ಸ್ವಿಚ್ ಥರ ಒತ್ತಿದ್ರೆ ಒತ್ತಿದಂಗೇ ಕೂತಿರ್ತದೆ. ಕರೆಂಟ್ ಹೋಗಿ ಬಂದ್ರೆ ತಾನೇ ಆನ್ ಆಗ್ತದೆ. ಹೊಸವು ಹಂಗಲ್ಲ, ಮತ್ತೆ ಒತ್ತಬೇಕು" ಎಂದರು ಸಲೀಮರು. ಆ ಸ್ವಿಚ್ಚಿನ ಬೆಲೆ ನನಗೆ ತಿಳಿದದ್ದು ಆಮೇಲೆ.

ಅದನ್ನು ಕೊಂಡು ತಂದು, ಮನೆಯಲ್ಲಿ ಮಾವನ ಮಂಚದ ಎದುರಿಗೇ ಮೇಜು ಹಾಕಿ ಕೂರಿಸಿದೆ. ಬೇಕೆಂದೇ ಅಲ್ಲಿ ಇಟ್ಟದ್ದು. ಎರಡು ದಿನ ಅವರು ತಿರುಗಿಯೂ ನೋಡಲಿಲ್ಲ. ಮೂರನೆಯ ದಿನ ಮಗ್ಗುಲು ಬದಲಿಸಿ, "ಏನ್ ಮಾಡ್ತದೆ ಅದು?" ಎಂದರು.

ಪ್ರೋಟೀನು, ಮಡಿಕೆ ಎಂದು ಪಾಠ ಶುರು ಮಾಡಿದೆ. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅದನ್ನು ಬಿಟ್ಟು, "ದೊಡ್ಡ ಲೆಕ್ಕ ಮಾವ. ಅಮೆರಿಕದಲ್ಲಿ ಕೂತವರು ಅದನ್ನ ತುಂಡು ಮಾಡಿ ಒಬ್ಬೊಬ್ಬರ ಮನೆ ಮಿಷನ್ನಿಗೆ ಒಂದೊಂದು ತುಂಡು ಕೊಡ್ತಾರೆ. ಮುಗಿಸಿ ಕಳಿಸಿದ್ರೆ ಇನ್ನೊಂದು ತುಂಡು" ಎಂದೆ.

ಮಾವ ಎದ್ದು ಕೂತರು. "ಅಂದ್ರೆ ಮಸ್ಟರ್ ಅನ್ನು ಮತ್ತೆ! ಒಬ್ಬೊಬ್ಬರಿಗೆ ಒಂದೊಂದು ಸಾಲು. ಹೇಳ್ದಷ್ಟು ದಿನದಾಗೆ ಮುಗಿಸ್ದೆ ಹೋದ್ರೆ?"

"ಗಡುವು ಮುಗಿದ್ರೆ ಆ ಸಾಲನ್ನ ಬೇರೆಯವರಿಗೆ ಕೊಟ್ಟುಬಿಡ್ತಾರೆ."

"ಕೊಡಲೇಬೇಕು ಕಣಮ್ಮ. ಗಿಡದ ಮ್ಯಾಲಿನ ಹಣ್ಣು ಯಾರ್ಗೂ ಕಾಯಾಕಿಲ್ಲ." ಆಮೇಲೆ, "ನಮ್ಗೆ ಎಷ್ಟು ದಿನ ಕೊಟ್ಟವ್ರೆ?" ಎಂದು ಕೇಳಿದರು. ಒಂದೂವರೆ ತಿಂಗಳು ಎಂದೆ. "ಹಿಡಿದ ಮ್ಯಾಲೆ ಸಾಲು ಬುಡಬಾರ್ದು ಮತ್ತೆ" ಎಂದರು. ಪತ್ರಿಕೆಯ ಇಡೀ ಪುಟ ಓದಿ ನನಗೆ ಅರ್ಥವಾಗಿದ್ದಕ್ಕಿಂತ ಹೆಚ್ಚಾಗಿ ಅವರಿಗೆ ನಾಲ್ಕು ಮಾತಿನಲ್ಲಿ ಅರ್ಥವಾಗಿತ್ತು.

ಮಿಷನ್ನಿನಲ್ಲಿ ಮೊದಲಿಂದ ಇದ್ದದ್ದು ವಿಂಡೋಸ್. ಅದರಲ್ಲೇ ಶುರು ಮಾಡಿದೆವು. ಆ ಬೇಸಿಗೆಯಲ್ಲಿ ದಿನಕ್ಕೆರಡು ಹೊತ್ತು ಲೋಡ್‌ಶೆಡ್ಡಿಂಗ್. ಕರೆಂಟು ಹೋಗಿ ಬಂದರೆ ಮಿಷನ್ ತಾನೇ ಎದ್ದು, ಸರಿಯಾಗಿ ಮುಚ್ಚದೆ ಹೋದದ್ದಕ್ಕೆ ಒಂದಿಷ್ಟು ತನಿಖೆ ನಡೆಸಿ, ನೀಲಿ ಪರದೆಯಲ್ಲಿ ಪ್ರಶ್ನೆ ಕೇಳಿಕೊಂಡು ನಿಲ್ಲುತ್ತಿತ್ತು. ಉತ್ತರ ಕೊಟ್ಟು ಒಳಗೆ ಹೋದರೆ ನಮ್ಮ ಲೆಕ್ಕದ ಚಿತ್ರದ ಮೇಲೆ ಮೌಸ್ ಇಟ್ಟು ಟಕಟಕ ಎರಡು ಸಲ ಒತ್ತಬೇಕು. ಅದರಲ್ಲೂ ತಾನಾಗಿ ಶುರುವಾಗುವಂತೆ ಮಾಡಬಹುದಿತ್ತು ಎಂದು ನನಗೆ ಗೊತ್ತಾದದ್ದು ಒಂದು ವರ್ಷದ ಮೇಲೆ. ಆಗ ಗೊತ್ತಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ ಬಿಡಿ.

ಕರೆಂಟು ಹೋಗುತ್ತಿದ್ದದ್ದು ನಾನಿಲ್ಲದ ಹೊತ್ತಿನಲ್ಲಿ. ಮಾವ ಎದ್ದು ಹೋಗಿ ಮೌಸ್ ಹಿಡಿಯುತ್ತಿದ್ದರು. ನಡುಗುವ ಕೈಗೆ ಮೌಸ್ ಎಂದರೆ ಹಿಂಸೆ. ಬಾಣ ಒಂದು ಕಡೆ ನಿಂತರೆ ತಾನೇ? ಒಂದು ಸಂಜೆ ಬಂದು ನೋಡಿದರೆ ಪರದೆಯ ಮೇಲಿನ ಚಿತ್ರಗಳೆಲ್ಲ ಎಳೆದಾಡಿ ಎಳೆದಾಡಿ ಒಂದು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಮಾವ ಮಂಚದ ಮೇಲೆ ಕೂತು, "ಎಡಗೈಲಿ ಹಿಡ್ಕಂಡು ನೋಡ್ದೆ, ಎರಡ್ ಕೈಲೂ ಹಿಡ್ಕಂಡು ನೋಡ್ದೆ" ಎಂದರು.

ಸಾಲದ್ದಕ್ಕೆ ಗುಡುಗು. ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ ಮಧ್ಯಾಹ್ನದ ಮೇಲೆ ಗುಡುಗು ಶುರುವಾಗುತ್ತದೆ. ನಮ್ಮ ಕಡೆ ಗುಡುಗಿನ ಮೊದಲ ಸದ್ದಿಗೇ ಮನೆಯಲ್ಲಿದ್ದವರು ಓಡಿ ಟೀವಿ, ಫೋನು ಎಲ್ಲದರ ಪ್ಲಗ್ ಕೀಳುವುದು ರೂಢಿ. ತಂತಿಯಲ್ಲಿ ಸಿಡಿಲು ಬಂದು ಸಾಮಾನು ಸುಟ್ಟ ಮನೆಗಳು ಬೀದಿಗೆರಡು ಇವೆ. ಮಾವನೂ ಗುಡುಗು ಕೇಳಿದ ಕೂಡಲೇ ಓಡುತ್ತಿದ್ದ ಲೆಕ್ಕದ ಪ್ಲಗ್ ಕಿತ್ತು ಕೂರುತ್ತಿದ್ದರು. ಎಲ್ಲೋ ಬಾಣಾವರದ ಕಡೆ ಗುಡುಗಿದರೂ ನಮ್ಮ ಮನೆಯಲ್ಲಿ ಪ್ಲಗ್ ನೆಲದ ಮೇಲೆ.

"ಕೀಳ್ದೆ ಇರಾಕಾಯ್ತದಾ ಜಯಾ? ಸುಟ್ಟೋದ್ರೆ ಸಾಲೇ ಹೋಯ್ತದಲ್ಲ" ಎನ್ನುತ್ತಿದ್ದರು.

ಗಡುವಿನ ದಿನ ಲೆಕ್ಕ ನೂರಕ್ಕೆ ಅರವತ್ತರ ಆಸುಪಾಸಿನಲ್ಲಿತ್ತು. ನೂರಾಗಬೇಕಿತ್ತು. ಸಾಲು ಬೇರೆಯವರ ಪಾಲಾಯಿತು. ಮಾವನಿಗೆ ಹೇಳಬಾರದು ಎಂದುಕೊಂಡಿದ್ದೆ, ಅವರು ದಿನ ಎಣಿಸುತ್ತಲೇ ಇದ್ದರು. "ಮೂವತ್ತಾರು ವರ್ಸದಾಗೆ ನಾನು ಹಂಚಿದ ಒಂದು ಸಾಲೂ ಪಾಳು ಬಿದ್ದಿರ್ಲಿಲ್ಲ. ನನ್ ಕೈ ಸೇದೋಗ" ಎಂದು ಮತ್ತೆ ಗೋಡೆಗೆ ತಿರುಗಿ ಮಲಗಿದರು. ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ದಬದಬ ತೊಳೆದೆ. ತೊಳೆಯುತ್ತಾ ತೊಳೆಯುತ್ತಾ ನಿಶ್ಚಯ ಮಾಡಿದೆ. ಆಕಾಶ ಕಳಚಿ ಬೀಳಲಿ, ಈ ಮನೆಯಿಂದ ಒಂದು ಸಾಲು ಪೂರ್ತಿಯಾಗಿ ಹೋಗಲೇಬೇಕು.

ಸಲೀಮರು ನನ್ನ ದೂರನ್ನೆಲ್ಲ ಕೇಳಿ, ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದಿದ್ದ ಸಿಡಿ ತೆಗೆದರು. "ಇದು ಲಿನಕ್ಸ್. ನಾನೂ ಸರಿಯಾಗಿ ನೋಡಿಲ್ಲ ಟೀಚರ್ರೇ. ಚಿತ್ರಗಿತ್ರ ಬ್ಯಾಡ ಅಂದ್ರೆ ಬರೀ ಅಕ್ಷರದಲ್ಲೇ ನಡೀತದೆ. ಮಿಷನ್ ಶಕ್ತಿ ಪೂರ್ತಿ ನಿಮ್ ಲೆಕ್ಕಕ್ಕೇ ಸಿಗ್ತದೆ. ಮೌಸ್ ಕಿತ್ತು ಬಿಸಾಕಿದ್ರೂ ಆಯ್ತು."

ಮೌಸ್ ಬೇಡ ಎಂಬ ಒಂದೇ ಮಾತಿಗೆ ನಾನು ಸಿಡಿಯನ್ನು ಬ್ಯಾಗಿಗೆ ಹಾಕಿಕೊಂಡೆ.

ಭಾನುವಾರ ಹಾಕಲು ಕೂತೆ. ಅದು ಕೇಳುವ ಪ್ರಶ್ನೆಗಳೋ, ಎಸ್ಸೆಸ್ಸೆಲ್ಸಿ ಪರೀಕ್ಷೆಗಿಂತ ಕಷ್ಟ. ಫೋನಿನ ತಂತಿಯಿಂದ ಲೆಕ್ಕ ತರಿಸುವ, ಒಳಗಿದ್ದ ಮೋಡೆಮ್ ಇದರ ಕಣ್ಣಿಗೆ ಕಾಣಲೇ ಇಲ್ಲ, ಸಲೀಮರಿಂದ ಹೊರಗೆ ಇಡುವ ಇನ್ನೊಂದು ಮೋಡೆಮ್ ತಂದೆ. ಅಂತೂ ಹೊಸ ಸಾಲು ಇಳಿಸಿಕೊಂಡು ಲೆಕ್ಕ ಶುರುವಾಯಿತು. ಮಾರನೆಯ ದಿನ ಶಾಲೆಯಿಂದ ಬಂದರೆ ಮಾವ ಮಂಚ ಬಿಟ್ಟು ಸ್ಟೂಲಿನ ಮೇಲೆ ಕೂತಿದ್ದರು.

"ಹನ್ನೊಂದು ಗಂಟೆಗೆ ಕರೆಂಟು ಹೋಯ್ತು. ಬಂದ ಮ್ಯಾಲೆ ಏನೇನೋ ಬರಕಂಡು, ಆಮ್ಯಾಲೆ ರೂಟ್ ಪಾಸ್‌ವರ್ಡ್ ಕೊಡಿ ಅಂತ ನಿಂತೈತೆ. ಅಲ್ಲಿಂದ ನಿಂತಂಗೇ ಐತೆ ಕಣಮ್ಮ" ಎಂದು ವರದಿ ಒಪ್ಪಿಸಿದರು. ಎಸ್ಟೇಟಿನ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿದ್ದದ್ದರಿಂದ ಅವರಿಗೆ ಓದಲು ಕಷ್ಟವಿರಲಿಲ್ಲ.

ಕರೆಂಟು ಹಠಾತ್ತನೆ ಹೋದರೆ ಕಡತಗಳು ಅಸ್ತವ್ಯಸ್ತವಾಗಿ, ಯಜಮಾನನೇ ಬಂದು ಸರಿ ಮಾಡಲಿ ಎಂದು ಅದು ಹಟ ಹಿಡಿಯುತ್ತಿತ್ತು. ಎಂಟು ದಿನ ಹೀಗೇ ಆಯಿತು. ಮಾವ ದಿನಾ ಸಂಜೆ ಎಷ್ಟು ಗಂಟೆಗೆ ನಿಂತಿತು, ಏನೆಂದು ಕೇಳಿತು ಎಂದು ಒಂದಕ್ಷರ ಬಿಡದೆ ಹೇಳುತ್ತಿದ್ದರು. ಹಾಸನಕ್ಕೆ ಮೀಟಿಂಗಿಗೆ ಹೋದಾಗ ಇಂಟರ್‌ನೆಟ್ ಅಂಗಡಿಯಲ್ಲಿ ಹುಡುಕಿ, ಒಂದು ಕಟ್ಟು ಕಾಗದ ಮುದ್ರಿಸಿಕೊಂಡು ಬಂದು ಬಸ್ಸಿನಲ್ಲೆಲ್ಲ ಓದಿದೆ. ಡಿಸ್ಕನ್ನು ಬೇರೊಂದು ಕ್ರಮದಲ್ಲಿ ಸಿದ್ಧ ಮಾಡಿದರೆ, ಮಾಡಲಿರುವ ಪ್ರತಿ ಬದಲಾವಣೆಯನ್ನೂ ಅದು ಮೊದಲೇ ಒಂದು ದಿನಚರಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ, ಕರೆಂಟು ಹೋಗಿ ಬಂದರೆ ಅದನ್ನು ನೋಡಿ ತಾನೇ ಸರಿಪಡಿಸಿಕೊಳ್ಳುತ್ತದೆ ಎಂದು ತಿಳಿಯಿತು. ಮುಂದಿನ ಭಾನುವಾರ ಲೆಕ್ಕದ ಕಡತ ಫ್ಲಾಪಿಗೆ ತೆಗೆದಿಟ್ಟು, ಎಲ್ಲ ಅಳಿಸಿ ಹೊಸದಾಗಿ ಹಾಕಿದೆ. ಹೆಸರು, ಪಾಸ್‌ವರ್ಡ್ ಯಾವುದನ್ನೂ ಕೇಳದೆ ಒಳಗೆ ಬಿಡುವಂತೆ ಮಾಡಿದೆ. ಮಿಷನ್ ಏಳುವಾಗ ಓದಿಕೊಳ್ಳುವ ಕಡತದ ಕೊನೆಗೆ ಒಂದು ಆಜ್ಞೆ ಸೇರಿಸಿ, ಲೆಕ್ಕವೂ ತಾನಾಗಿ ಶುರುವಾಗುವಂತೆ ಮಾಡಿದೆ. ಬೇಕೆಂದೇ ಪ್ಲಗ್ ಕಿತ್ತು ಹಾಕಿದೆ. ಎದ್ದಿತು, ಬಿಟ್ಟಲ್ಲಿಂದಲೇ ಲೆಕ್ಕ ಮುಂದುವರಿಸಿತು. ಐದು ಸಲ ಕಿತ್ತು ಹಾಕಿದೆ. ಐದು ಸಲವೂ ಎದ್ದಿತು. ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಒಂದು ಸುತ್ತು ಕುಣಿದೆ ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ.

"ಇನ್ನು ನಾನು ಮುಟ್ಟಾದು ಬ್ಯಾಡ ಅನ್ನು" ಎಂದರು ಮಾವ.

"ಬೇಡವೇ ಬೇಡ ಮಾವ. ಯಾರ ಕೈಯೂ ಬೇಡ."

"ಒಳ್ಳೇದಾಯ್ತು ಬುಡು" ಎಂದರು.

ಆ ವಾರ ದಿನಾ ಸಂಜೆ ಬಂದಾಗ ಲೆಕ್ಕ ಮುಂದೆ ಹೋಗಿರುತ್ತಿತ್ತು. ಮಾವ ಗೋಡೆ ಕಡೆ ಮಲಗಿರುತ್ತಿದ್ದರು. ಸೋಮವಾರ, ಮಂಗಳವಾರ ನಾನು ಪರದೆಯನ್ನಷ್ಟೇ ನೋಡಿದೆ. ಬುಧವಾರ ಸ್ಟೂಲು ಮೂಲೆ ಸೇರಿದ್ದು ಕಂಡಿತು. ಗುರುವಾರ "ಕರೆಂಟು ಎಷ್ಟು ಹೊತ್ತಿಗೆ ಹೋಗಿತ್ತು ಮಾವ?" ಎಂದು ಕೇಳಿದೆ. "ಗೊತ್ತಿಲ್ಲ ಕಣಮ್ಮ" ಎಂದರು. ಎಂಟು ದಿನ ನನಗೆ ನಿಮಿಷ ನಿಮಿಷದ ವರದಿ ಕೊಟ್ಟವರು! ಮಿಷನ್ ಕೆಟ್ಟಿದ್ದಾಗ ಮಾವ ಎದ್ದು ಕೂತಿದ್ದರು. ನಾನು ಅದನ್ನು ಸರಿ ಮಾಡಿ ಅವರನ್ನು ಮಲಗಿಸಿದ್ದೆ. ಇಷ್ಟು ದಡ್ಡಿ ಇಪ್ಪತ್ತು ವರ್ಷ ಮಕ್ಕಳಿಗೆ ಏನು ಕಲಿಸಿದಳೋ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

ಶುಕ್ರವಾರ ಶಾಲೆಗೆ ಹೊರಡುವ ಮುಂಚೆ ಆ ಕಡತ ತೆರೆದು, ನಾನೇ ಸೇರಿಸಿದ್ದ ಆಜ್ಞೆಯನ್ನು ಅಳಿಸಿದೆ. ಇನ್ನು ಮಿಷನ್ ಎದ್ದರೂ, ಯಾರಾದರೂ ಒಂದು ಪದ ಒತ್ತುವವರೆಗೆ ಲೆಕ್ಕ ಶುರುವಾಗದು. ಬಸ್‌ಸ್ಟ್ಯಾಂಡಿನಲ್ಲಿ ಸಲೀಮರಿಗೆ ಹೇಳಿದರೆ ಅವರು ಹಣೆ ಹಣೆ ಚಚ್ಚಿಕೊಂಡರು.

"ತಲೆ ಕೆಟ್ಟೈತೇನ್ರೀ ಟೀಚರ್ರೇ? ಆಟೋಮ್ಯಾಟಿಕ್ ಬಿಟ್ಟಿದ್ರೆ ವಾರ ಮುಂಚೆ ಮುಗೀತಿತ್ತು. ಈಗ ಗಡುವು ತಪ್ಪಿದ್ರೆ?"

"ತಪ್ಪಿದ್ರೆ ನಾನು ನೋಡ್ಕೋತೀನಿ" ಎಂದೆ. ಎರಡನೆಯ ಸಾಲೂ ಪಾಳುಬಿದ್ದರೆ ಮಾವ ಮತ್ತೆ ಏಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಮಾವನಿಗೆ ಹೇಳಿದ್ದು ಇಷ್ಟೇ: "ಅದು ತಾನಾಗಿ ಶುರುವಾಗೋದು ನಿಂತಿದೆ. ಒಂದು ಪದ ಒತ್ತಿ ಕರೀಬೇಕು. ಯಾವ ಪದ ಇಡೋಣ ಹೇಳಿ." ಅವರು ಯೋಚನೆಯನ್ನೇ ಮಾಡಲಿಲ್ಲ. "ಹಾಜರಿ" ಎಂದರು. ಗುಡುಗಿದಾಗ ನಿಲ್ಲಿಸಲು ಇನ್ನೊಂದು ಪದ ಕೇಳಿದೆ. "ಸಾಕು" ಎಂದರು. ಇಂಗ್ಲಿಷ್ ಅಕ್ಷರದಲ್ಲಿ ಎರಡನ್ನೂ ಬರೆದು ಮೇಜಿನ ಎದುರು ಗೋಡೆಗೆ ಅಂಟಿಸಿದೆ.

ಮೊದಲ ಸಂಜೆ ಬಂದಾಗ ಲೆಕ್ಕ ನಡೆಯುತ್ತಿತ್ತು. "ಕರೆಂಟು ಹೋಗಿತ್ತು. ಕರದೆ, ಬಂತು" ಎಂದರು ಮಾವ ಹೆಚ್ಚೇನೂ ಹೇಳದೆ. ಅವರು ಮುಖ ತೊಳೆಯಲು ಹೋದಾಗ ನಾನು ಕೀಲಿಮಣೆಯ ಮೇಲ್ಬಾಣ ಒತ್ತಿದೆ. ಹಿಂದೆ ಏನೇನು ಒತ್ತಿದ್ದಾರೆ ಎಂಬುದನ್ನು ಲಿನಕ್ಸ್ ಒಂದೊಂದಾಗಿ ತೋರಿಸುತ್ತದೆ. ಎರಡು ಎಚ್ ಬಿದ್ದ ಹಾಜರಿ. ಮೂರು ಜೆ ಬಿದ್ದ ಹಾಜರಿ. ಜೆ ಪಕ್ಕದ ಕೆ ಬಿದ್ದದ್ದು. ಆರ್ ನಾಲ್ಕು ಸಲ ಬಿದ್ದದ್ದು. ಒತ್ತುತ್ತಾ ಹೋದೆ, ಮುಗಿಯಲೇ ಇಲ್ಲ. ಮೂವತ್ನಾಲ್ಕು ತಪ್ಪಿನ ಮೇಲೆ ಒಂದು ಸರಿ. ಪ್ರತಿ ಸಲವೂ ಅದು ಇಂಥ ಪದ ಗೊತ್ತಿಲ್ಲ ಎಂದಿದೆ, ಪ್ರತಿ ಸಲವೂ ಅವರು ಮೊದಲಿಂದ ಒತ್ತಿದ್ದಾರೆ. ಖಾಲಿ ಮನೆಯಲ್ಲಿ ಒಬ್ಬರೇ ಕೂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತುಬಿಟ್ಟೆ.

ಕೀಲಿ ಒತ್ತಿಹಿಡಿದರೆ ಅಕ್ಷರ ಮತ್ತೆ ಮತ್ತೆ ಬೀಳುವುದನ್ನು ನಿಲ್ಲಿಸುವ ದಾರಿ ಹುಡುಕಿ ನಿಲ್ಲಿಸಿದೆ. ಆದರೂ ಬೆರಳೇ ಎರಡೆರಡು ಸಲ ಬಡಿದರೆ ಏನು ಮಾಡುವುದು? "ಬರೀ ಎಚ್ ಒಂದೇ ಅಕ್ಷರ ಇಡ್ಲಾ ಮಾವ?" ಎಂದು ಕೇಳಿದೆ. ಅವರಿಗೆ ಸಿಟ್ಟೇ ಬಂತು. "ಆಳಿನ ಹೆಸರು ಪೂರ್ತಿ ಕೂಗ್ಬೇಕು ಕಣಮ್ಮ. ಅರ್ಧಕ್ಕೆ ಕೂಗಿದ್ರೆ ಯಾರ್ ಬತ್ತಾರೆ?" ಎಂದರು.

ಆಮೇಲೆ ನಾನು ಬೇರೆ ಉಪಾಯ ಮಾಡಿದೆ. ಲಿನಕ್ಸಿನಲ್ಲಿ ಒಂದು ಕೆಲಸಕ್ಕೆ ಎಷ್ಟು ಹೆಸರು ಬೇಕಾದರೂ ಇಡಬಹುದು. ದಿನಾ ಸಂಜೆ ಮೇಲ್ಬಾಣ ಒತ್ತಿ ಅವತ್ತಿನ ತಪ್ಪುಗಳನ್ನು ಪಟ್ಟಿ ಮಾಡಿ, ಒಂದೊಂದು ತಪ್ಪನ್ನೂ ಹಾಜರಿಯ ಇನ್ನೊಂದು ಹೆಸರಾಗಿ ಬರೆದೆ. ಎರಡು ಎಚ್ಚಿನದೂ ಹಾಜರಿ, ಮೂರು ಜೆಯದೂ ಹಾಜರಿ, ಕೆ ಬಿದ್ದದ್ದೂ ಹಾಜರಿ. ಮೂವತ್ನಾಲ್ಕು ಸಲ ಇದ್ದದ್ದು ಹನ್ನೆರಡಕ್ಕೆ ಇಳಿಯಿತು, ಆಮೇಲೆ ಐದಕ್ಕೆ. ಹೊಸ ಹೊಸ ತಪ್ಪು ಹುಡುಕಿದಷ್ಟೂ ಮಾವನ ಕೈಯಲ್ಲಿ ಹೊಸತು ಖಾಲಿಯಾಗುತ್ತಾ ಬಂತು.

ಒಂದು ಸಂಜೆ ಮಾವ, "ಕೈ ಒಸಿ ಸುಧಾರಿಸೈತೆ ಕಣಮ್ಮ. ಈಗ ಎರಡು ಸಲಕ್ಕೇ ಬತ್ತದೆ" ಎಂದರು. ಇದಕ್ಕೆ ನಾನು ಯೋಚನೆಯನ್ನೇ ಮಾಡಿರಲಿಲ್ಲ. ಸುಳ್ಳು ಸಮಾಧಾನ ಕೊಟ್ಟು ಸುಮ್ಮನಿರುವುದೋ, ಹೇಳಿ ಮತ್ತೆ ಮಲಗಿಸುವುದೋ ತಿಳಿಯದೆ ಎರಡು ದಿನ ಒದ್ದಾಡಿದೆ. ಮೂರನೆಯ ದಿನ ಅವರೇ ಪರದೆಯ ಮೇಲೆ ಬೆರಳಿಟ್ಟು ಕೇಳಿದರು: "ಇಲ್ಲಿ ನೋಡು. ಮೂರು ಜೆ ಬಿದ್ದೈತೆ. ಆದ್ರೂ ಸುರುವಾಗೈತಲ್ಲ?" ಮೂವತ್ತಾರು ವರ್ಷ ಪುಸ್ತಕ ತಿದ್ದಿದ ಕಣ್ಣು. ನಾನು ಎಲ್ಲ ಹೇಳಿಬಿಟ್ಟೆ. ಹೇಳಿ, ತಲೆ ತಗ್ಗಿಸಿ ಕೂತೆ.

ಮಾವ ಪರದೆಯ ಮೇಲಿನ ಮೂರು ಜೆಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ಎಣಿಸಿದರು. ಆಮೇಲೆ ನಿಧಾನಕ್ಕೆ, "ನಮ್ ಎಸ್ಟೇಟಿನ ಆಳುಗಳ ಲೈನಲ್ಲಿ ಒಬ್ಬಳಿದ್ಲು. ಪುಟ್ಟಮ್ಮ ಅಂದ್ರೂ ಬರೋಳು, ಪುಟ್ಟವ್ವ ಅಂದ್ರೂ ಬರೋಳು, ಎಸ್ಟೇಟಿಗೆ ಬಂದ ಹೊಸ ದೊರೆ ಪೂತಮ್ಮ ಅಂತ ಕರದ್ರೂ ಬಂದು ನಿಂತ್ಕಳೋಳು. ಅವಳಿಗೆ ಗೊತ್ತಿತ್ತು ಯಾರನ್ನ ಕರೀತಾವ್ರೆ ಅಂತ. ಪುಸ್ತಕದಾಗೆ ನಾನು ಮೂರೂ ಬರಕಂಡಿದ್ದೆ" ಎಂದರು. ಎದ್ದು ಸ್ಟೂಲನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು. "ಇನ್ನೇನೇನು ತಪ್ಪು ಬರೀದೆ ಬುಟ್ಟಿದ್ದೀಯ ಹೇಳು, ನೋಡಾಣ."

ಅಲ್ಲಿಂದ ಮುಂದೆ ಅದು ನಮ್ಮಿಬ್ಬರ ಕೆಲಸವಾಯಿತು. ಅವರು ಒತ್ತುವುದು, ನಾನು ಬರೆದುಕೊಳ್ಳುವುದು. ಗುಡುಗಿದರೆ ಪ್ಲಗ್ಗಿಗೆ ಓಡುವ ಮುಂಚೆ ಸಾಕು ಎಂದು ಒತ್ತಿ, ಪರದೆ ಆರಿದ ಮೇಲೆ ಕೀಳುತ್ತಿದ್ದರು. ಹೂಮಳೆ ಬಿದ್ದು, ಎಂಟು ದಿನಕ್ಕೆ ಬೆಟ್ಟದ ಮೇಲೆಲ್ಲ ಕಾಫಿ ಹೂ ಬಿಟ್ಟಿತು. ನಾನು ಬಸ್ಸಿನ ಕಿಟಕಿಯಿಂದ ಆ ಘಮ ಹಿಡಿದು ಮನೆಗೆ ಬಂದರೆ ಇಲ್ಲಿ ಕಾದ ಧೂಳಿನ ವಾಸನೆ. ಲೆಕ್ಕ ಎಂಬತ್ತು ದಾಟಿತು, ತೊಂಬತ್ತು ದಾಟಿತು. ಗಡುವಿಗೆ ಎರಡು ದಿನ ಇರುವಾಗ ನೂರಾಯಿತು.

ಆದರೆ ಹಿಂದಿನ ಸಂಜೆಯ ಗಾಳಿಗೆ ಮರ ಬಿದ್ದು ನಮ್ಮ ಬೀದಿಯ ಫೋನುಗಳೆಲ್ಲ ಸತ್ತಿದ್ದವು. ಮುಗಿದ ಲೆಕ್ಕ ಮಿಷನ್ನಿನಲ್ಲಿ ಕೂತಿತ್ತು, ಕಳಿಸಲು ದಾರಿಯಿರಲಿಲ್ಲ. ಲೈನ್‌ಮನ್‌ಗಳನ್ನು ವಿಚಾರಿಸಿದರೆ ಮೂರು ನಾಲ್ಕು ದಿನ ಆಗಬಹುದು ಎಂದರು. ಹಳೇ ಬಸ್‌ಸ್ಟ್ಯಾಂಡಿನ ಕಡೆ ಲೈನು ಸರಿ ಇದೆ ಎಂದು ತಿಳಿದು, ಮಿಷನ್ನನ್ನೇ ಸಲೀಮರ ಅಂಗಡಿಗೆ ಒಯ್ಯಲು ಆಟೋ ಕರೆದೆ. ಪೆಟ್ಟಿಗೆಯನ್ನು ಹಳೆ ಸೀರೆಯಲ್ಲಿ ಸುತ್ತಿ ಹೊರಗಿಟ್ಟು ತಿರುಗಿದರೆ, ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೀಲಿಮಣೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು.

"ಕೀಬೋರ್ಡ್ ಸಲೀಮರ ಹತ್ರ ಇದೆ ಮಾವ."

"ಅದು ನನ್ ಕೈಗೆ ಆಗಾಕಿಲ್ಲ. ನಡಿ."

ಅವರು ಹೊಸ್ತಿಲು ದಾಟಿ ಆರು ತಿಂಗಳಾಗಿತ್ತು.

ಸಂತೆಯ ದಿನ. ಸಲೀಮರ ಅಂಗಡಿಯಲ್ಲಿ ಟೀವಿ ರಿಪೇರಿಗೆ ಬಂದವರು, ಬಸ್ಸಿಗೆ ಕಾಯುವವರು, ಎಸ್ಟೇಟಿನ ಇಬ್ಬರು ಹಳಬರು ಎಲ್ಲ ನೆರೆದಿದ್ದರು. ಪೆಟ್ಟಿಗೆಗೆ ಅವರ ಪರದೆ ಜೋಡಿಸಿ ಫೋನಿನ ತಂತಿ ಸಿಕ್ಕಿಸಿದ್ದಾಯಿತು. ಇನ್ನು ಹಾಜರಿ ಎಂದು ಒತ್ತಿದರೆ ಮುಗಿದ ಲೆಕ್ಕ ತಾನೇ ಹೊರಡುತ್ತದೆ. ನಾನು ಕೂರಲು ಹೋದೆ. ಮಾವ ನನ್ನ ಭುಜ ಮುಟ್ಟಿ ಪಕ್ಕಕ್ಕೆ ಸರಿಸಿದರು. ಟವೆಲ್ಲು ಹೆಗಲ ಮೇಲಿಂದ ತೆಗೆದು ಮೇಜಿನ ಮೇಲಿಟ್ಟು, ಬಲಗೈಯನ್ನು ಎಲ್ಲರೆದುರು ಚಾಚಿದರು. ಕೈ ನಡುಗುತ್ತಿತ್ತು, ಯಾವತ್ತಿಗಿಂತ ಹೆಚ್ಚಾಗೇ ನಡುಗುತ್ತಿತ್ತು. ಒಂದೊಂದೇ ಅಕ್ಷರ ಬಿದ್ದಿತು. ಜೆ ಮೂರು ಸಲ ಬಿದ್ದಿತು.

"ಸ್ಪೆಲ್ಲಿಂಗ್ ತಪ್ಪಾಯ್ತು ರೈಟ್ರೇ" ಎಂದರು ಸಲೀಮರು ಮೆಲ್ಲಗೆ.

"ಅದಕ್ಕೆ ನನ್ ಕೈ ಗೊತ್ತೈತೆ ಬುಡಯ್ಯ" ಎಂದು ಮಾವ ಎಂಟರ್ ಒತ್ತಿದರು.

ಮೋಡೆಮ್ ಕಿರುಚಿ ಸುಮ್ಮನಾಯಿತು. ಪರದೆಯ ಮೇಲೆ ಒಂದೊಂದೇ ಗೆರೆ ಬರತೊಡಗಿತು. ಹತ್ತು ನಿಮಿಷವೋ, ಹದಿನೈದು ನಿಮಿಷವೋ ಆಗಿರಬೇಕು. ಕಳಿಸಿದ್ದು ಸ್ವೀಕೃತವಾಯಿತು ಎಂಬ ಗೆರೆಯನ್ನು ಮೊದಲು ಓದಿದ್ದು ಮಾವನೇ, ದೊಡ್ಡ ದನಿಯಲ್ಲಿ, ಮಸ್ಟರ್ ಕರೆಯುವ ದನಿಯಲ್ಲಿ. ಸಲೀಮರು ಚಪ್ಪಾಳೆ ತಟ್ಟಿದರು. ನಾನು ಎಲ್ಲರೆದುರೇ ಕಣ್ಣೊರೆಸಿಕೊಂಡೆ. ಅಷ್ಟರಲ್ಲಿ ಅಲ್ಲಿಂದ ಮುಂದಿನ ಸಾಲು ಬಂದು ಇಳಿಯಿತು. ಮಾವ ಅದರ ಗಡುವು ಯಾವಾಗ ಎಂದು ಕೇಳಿದರು. ಹೇಳಿದೆ. ಬೆರಳು ಮಡಚಿ ದಿನ ಎಣಿಸಿಕೊಂಡರು.

ಎಸ್ಟೇಟಿನ ಹಳಬರಿಬ್ಬರು ಅವರನ್ನು ಸುತ್ತಿಕೊಂಡು ಕೈ ಹಿಡಿದುಕೊಂಡರು. "ಎಷ್ಟ್ ದಿನ ಆಯ್ತು ರೈಟ್ರೇ ನಿಮ್ಮನ್ನ ನೋಡಿ! ಬನ್ನಿ, ಹೋಟ್ಲಲ್ಲಿ ಕೂತ್ಕಂಡು ಒಂದು ಕಾಫಿ ಕುಡ್ಯಾಣ" ಎಂದರು.

ಮಾವ ಕೀಲಿಮಣೆಯ ತಂತಿ ಸುತ್ತಿ ಕಂಕುಳಿಗೆ ಸೇರಿಸಿಕೊಳ್ಳುತ್ತಾ, ಆಗಲೇ ಆಟೋ ಕಡೆ ಹೆಜ್ಜೆ ಹಾಕಿದ್ದರು.

"ಇನ್ನೊಂದ್ ದಿನ ಬರ್ತೀನಿ ಕಣ್ರಯ್ಯಾ" ಎಂದರು. "ಇವತ್ತು ಕೆಲ್ಸ ಐತೆ."